ಸೋರುವ ನಲ್ಲಿ ಯಾರ ಲೆಕ್ಕಕ್ಕೆ?

ನೀರನ್ನು ಪೋಲು ಮಾಡಬಾರದೆಂಬ ಉಪದೇಶವನ್ನು ನಾವು ಜುಮಾ ಪ್ರವಚನಗಳಲ್ಲಿ ಅನೇಕ ಸಲ ಕೇಳಿದ್ದೇವೆ. ಆದರೆ ಅದು ವುಝೂ ಮಾಡುವವನ ಕೈಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸುತ್ತೇವೆ. ನಲ್ಲಿಯನ್ನು ಮುಚ್ಚಿ ನಾವು ನಮಾಝಿಗೆ ನಿಂತ ಬಳಿಕವೂ ತೊಟ್ಟಿಕ್ಕುತ್ತಲೇ ಇರುವ ನೀರು ಯಾರ ಲೆಕ್ಕಕ್ಕೆ ಸೇರಬೇಕು?

ಸೆಕೆಂಡಿಗೆ ಒಂದು ಹನಿಯಂತೆ ಬಿದ್ದರೆ ದಿನಕ್ಕೆ 86,400 ಹನಿಗಳು. 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ಅದು ನಾಲ್ಕು ಲೀಟರಿಗೂ ಮಿಗಿಲು. ವರ್ಷಕ್ಕೆ 1,500 ಲೀಟರಿಗೂ ಹೆಚ್ಚು. ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಮುದ್ದ್‌ನ ಅಳತೆಯಲ್ಲಿ ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿದ್ದರೂ ಹೆಚ್ಚೆಂದರೆ ಅದು ಒಂದು ಲೀಟರಿನ ಆಸುಪಾಸು. ಅಂದರೆ ಒಂದು ಸೋರುವ ನಲ್ಲಿ ದಿನಂಪ್ರತಿ ನಾಲ್ವರ ವುಝೂವಿನ ನೀರನ್ನು ಚರಂಡಿಗೆ ಸೇರಿಸುತ್ತದೆ.

ಇದಕ್ಕೆ ಪರಿಹಾರ ಕಷ್ಟವೇನಲ್ಲ. ಹಳೆಯ ಮನೆಗಳ ಹಿತ್ತಾಳೆ ನಲ್ಲಿಗಳಲ್ಲಿ ತಿರುಪಿನ ತುದಿಯಲ್ಲಿರುವ ಪುಟ್ಟ ವಾಷರ್ ನೀರನ್ನು ತಡೆಯುತ್ತದೆ. ಅದು ಸವೆದಾಗ ನಾವು ಬಲವಾಗಿ ತಿರುಗಿಸಿ ಮುಚ್ಚುತ್ತೇವೆ. ಅದರಿಂದ ವಾಷರ್ ಇನ್ನಷ್ಟು ಸವೆಯುತ್ತದೆ, ಅದು ಕೂರುವ ಜಾಗವೂ ಕೆಡುತ್ತದೆ. ವಾಲ್ವ್ ಮುಚ್ಚಿ ವಾಷರ್ ಬದಲಿಸಿದರೆ ಸಾಮಾನ್ಯವಾಗಿ ಕೆಲಸ ಮುಗಿಯಿತು. ಆಗಲೂ ಸೋರಿದರೆ ಮಾತ್ರ ಹೊಸ ನಲ್ಲಿ ಬೇಕು. ಆದರೆ ತುಕ್ಕು ಹಿಡಿದ ಜಿ.ಐ. ಪೈಪಿನಿಂದ ಹಳೆಯ ನಲ್ಲಿಯನ್ನು ಬಲವಂತವಾಗಿ ಬಿಚ್ಚಿದರೆ ಗೋಡೆಯೊಳಗಿನ ಪೈಪೇ ಮುರಿಯಬಹುದು. ಆ ಕೆಲಸವನ್ನು ಅನುಭವಿ ಪ್ಲಂಬರ್‌ಗೆ ಒಪ್ಪಿಸುವುದೇ ಲೇಸು.

ಹೊಸ ಮನೆಗಳ ಕಾಲು ಸುತ್ತಿನ ನಲ್ಲಿಗಳಲ್ಲಿ ವಾಷರ್ ಬದಲಿಗೆ ಸಾಮಾನ್ಯವಾಗಿ ಸೆರಾಮಿಕ್ ಬಿಲ್ಲೆಗಳ ಕಾರ್ಟ್ರಿಜ್ ಇರುತ್ತದೆ. ಟ್ಯಾಂಕಿನ ಮರಳು, ಗಡಸು ನೀರಿನ ಸುಣ್ಣ ಅದನ್ನು ಕೆಡಿಸುತ್ತವೆ. ಕಾರ್ಟ್ರಿಜ್‌ಗಳ ಅಳತೆ ಒಂದೇ ಆಗಿರುವುದಿಲ್ಲವಾದ್ದರಿಂದ ಹಳೆಯದನ್ನು ಅಂಗಡಿಗೆ ಒಯ್ದು ಹೋಲಿಸಿಯೇ ಕೊಳ್ಳಬೇಕು. ಮನೆ ಕಟ್ಟುವವರು ನಲ್ಲಿಯ ಹೊಳಪನ್ನು ನೋಡುವ ಮೊದಲು ಅದರ ಬಿಡಿಭಾಗ ಊರಿನಲ್ಲಿ ಸಿಗುವುದೇ ಎಂದು ವಿಚಾರಿಸಲಿ. ಪ್ರತಿ ಸ್ನಾನದ ಕೋಣೆಗೂ ಪ್ರತ್ಯೇಕ ವಾಲ್ವ್ ಇರಿಸಲಿ. ಒಂದು ನಲ್ಲಿಗಾಗಿ ಇಡೀ ಮನೆಯ ನೀರು ನಿಲ್ಲಿಸಬೇಕಾದಲ್ಲಿ ದುರಸ್ತಿ ನಾಳೆಗೆ ಮುಂದೂಡಲ್ಪಡುತ್ತಲೇ ಇರುತ್ತದೆ.

ವಾಸ್ತವದಲ್ಲಿ ನಮ್ಮನ್ನು ತಡೆಯುವುದು ಖರ್ಚಲ್ಲ, ಹೊಣೆಯ ಕುರಿತ ಗೊಂದಲ. ಬಾಡಿಗೆದಾರನು ಮಾಲಕನತ್ತ, ಮಾಲಕನು ಬಾಡಿಗೆದಾರನತ್ತ ಬೆರಳು ತೋರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ, ಗೋಡೆಯೊಳಗಿನ ಪೈಪು ಮಾಲಕನ ಹೊಣೆ. ಬಳಸಿ ಸವೆದ ವಾಷರ್ ಬಾಡಿಗೆದಾರನದು. ಸೋರಿಕೆಯನ್ನು ಕಂಡೊಡನೆ ತಿಳಿಸುವುದು ಕಂಡವನ ಹೊಣೆ. ಮನೆ ಅವನ ಕೈಯಲ್ಲಿರುವ ಅಮಾನತ್ ಅಲ್ಲವೇ? ಮಸೀದಿಯ ಹೌಝ್ ಬಳಿಯ ನಲ್ಲಿಗಳ ಸ್ಥಿತಿ ಇನ್ನೂ ಶೋಚನೀಯ. ಎಲ್ಲರದೂ ಆಗಿರುವುದರಿಂದಲೇ ಅವು ಯಾರದೂ ಅಲ್ಲವಾಗಿವೆ. ವಕ್ಫ್‌ನ ನೀರು ಸೋರುವುದನ್ನು ಕಂಡು ತಸ್ಬೀಹ್ ಹಿಡಿದು ಮುಂದೆ ಸಾಗುವುದು ಭಕ್ತಿಯ ಲಕ್ಷಣವಲ್ಲ.

2024ರ ಬೇಸಿಗೆಯಲ್ಲಿ ಬೆಂಗಳೂರಿನ ಜಲಮಂಡಳಿಯು ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ ಅಳವಡಿಸುವುದನ್ನು ಕಡ್ಡಾಯಗೊಳಿಸಿತ್ತು. ಬರ ಬಂದು ಆದೇಶ ಹೊರಟ ಮೇಲೆ ಎಚ್ಚರಗೊಳ್ಳುವುದು ನಾಗರಿಕನ ಕನಿಷ್ಠ ಕರ್ತವ್ಯ. ವಿಶ್ವಾಸಿಯಾದವನು ಬಾವಿ ತುಂಬಿರುವಾಗಲೇ ಎಚ್ಚರವಾಗಿರಬೇಕು.

ಈ ವಾರ ಮನೆಯ ಒಂದೊಂದು ನಲ್ಲಿಯನ್ನೂ ಪರೀಕ್ಷಿಸಿ. ವಾಷರ್ ಬದಲಿಸುವುದನ್ನು ಮಕ್ಕಳಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ, ಕಲಿಸಿ. ಪ್ರತಿ ಮೊಹಲ್ಲಾದ ಜಮಾಅತ್ ಸಮಿತಿಯು ತಿಂಗಳಿಗೊಮ್ಮೆ ಮಸೀದಿಯ ನಲ್ಲಿಗಳನ್ನು ನೋಡಲು ಒಬ್ಬರನ್ನು ನೇಮಿಸಲಿ. ಇದು ಚಿಕ್ಕ ಕೆಲಸವೆನಿಸಬಹುದು. ಆದರೆ ಹನಿಗಳ ಲೆಕ್ಕ ಚಿಕ್ಕದಲ್ಲ.