ಮಾಯಾಗುರಾಣಿಯೂ ಚೌಕಾಬಾರದ ಮಣೆಯೂ

ಕಥೆಯ ವೀರನಿಗೆ ಕವಚಕುಂಡಲಗಳಿದ್ದರೆ ಕವಿಗೆ ಚಿಂತೆಯಿಲ್ಲ. ಇಂದ್ರನು ಬ್ರಾಹ್ಮಣವೇಷದಿಂದ ಬಂದು ಬೇಡಿಕೊಂಡು ಹೋಗುವನು. ಮೇಜಿನ ಸುತ್ತ ಕುಳಿತು, ದಾಳವನ್ನುರುಳಿಸುತ್ತ ಕಥೆಯನ್ನೇ ಆಡುವವರಿಗೆ ಈ ಅನುಕೂಲವಿಲ್ಲ. 1974ರಲ್ಲಿ ಅಮೆರಿಕದ ಗೇರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇಂಥ ಆಟಗಳಿಗೆ ಮೊದಲು. ಒಬ್ಬನು ಸೂತ್ರಧಾರ, ಉಳಿದವರು ವೀರರು. ಪೆಟ್ಟು ತಗಲಿತೇ ಇಲ್ಲವೇ ಎಂಬುದನ್ನು ಇಪ್ಪತ್ತು ಮುಖಗಳ ದಾಳವು ನಿರ್ಣಯಿಸುವುದು. (ಚನ್ನಪಟ್ಟಣದ ಕುಶಲಿಗಳು ಹಾಲೆಮರದಲ್ಲಿ ಎಷ್ಟೋ ಬಗೆಯ ಬೊಂಬೆಗಳನ್ನು ಕಡೆಯುವರು, ಆದರೆ ತಿರುಗುವ ಯಂತ್ರದಲ್ಲಿ ದುಂಡಾದುದೇ ಹುಟ್ಟುವುದರಿಂದ ಈ ದಾಳ ಮಾತ್ರ ಅದಕ್ಕೆ ಒಗ್ಗದು.)

ಸೂತ್ರಧಾರನು ಒಬ್ಬ ವೀರನಿಗೆ ಮೂರಂಕದ ಮಾಯಾಗುರಾಣಿಯನ್ನು ದಯಪಾಲಿಸಿದನೆನ್ನೋಣ. ರಾಕ್ಷಸನಿಗೆ 11 ಅಥವಾ ಹೆಚ್ಚು ಬೀಳಬೇಕಾಗಿದ್ದಲ್ಲಿ ಇನ್ನು 14 ಬೀಳಬೇಕು. 20ರಲ್ಲಿ 10 ಪೆಟ್ಟುಗಳಿದ್ದುದು 7 ಆಯಿತು, ಇದು ಅಲ್ಪಲಾಭ. ಅದೇ ಗುರಾಣಿ, ಮೊದಲೇ ಗಟ್ಟಿ ಕವಚ ತೊಟ್ಟು 17ರ ಹಿಂದೆ ನಿಂತವನ ಕೈ ಸೇರಿದರೆ? 4 ಪೆಟ್ಟುಗಳಿದ್ದುದು 1 ಆಗುವುದು. ಒಬ್ಬನ ಆಯುಷ್ಯ ಸುಮಾರು ಒಂದೂವರೆ ಪಾಲಿಗೇರಿದರೆ ಇನ್ನೊಬ್ಬನದು ನಾಲ್ಕು ಪಾಲಿಗೇರಿತು. ಉಳ್ಳವನಿಗೇ ಕೊಡುವ ವರವಿದು.

ಆಗ ಬೇಸತ್ತ ಸೂತ್ರಧಾರನು ರಾಕ್ಷಸನ ಬಲಕ್ಕೂ ಮೂರನ್ನು ಕೂಡಿಸುವನು. ಗುರಾಣಿಯವನು ಹಿಂದಿನ 4 ಪೆಟ್ಟುಗಳಿಗೇ ಮರಳುವನು. ಗುರಾಣಿಯಿಲ್ಲದ ಗೆಳೆಯನಿಗೋ 10 ಇದ್ದುದು 13 ಆಗುವುದು! ಒಬ್ಬನಿಗಿತ್ತ ಉಡುಗೊರೆಯ ಬೆಲೆಯನ್ನು ಮತ್ತೊಬ್ಬನು ಪ್ರಾಣದಿಂದ ತೆರುವ ಈ ಪರಿಹಾರವು ನಮಗೆ ಸರ್ವಥಾ ಒಪ್ಪಿಗೆಯಿಲ್ಲ. 2014ರ ಆವೃತ್ತಿಯಲ್ಲಿ, ಬೆಸುಗೆ ಬೇಡುವ ಮಾಯಾವಸ್ತುಗಳನ್ನು ಒಬ್ಬನು ಮೂರಕ್ಕಿಂತ ಹೆಚ್ಚು ಹೊಂದಬಾರದೆಂಬ ಕಟ್ಟಳೆಯುಂಟು; ಆದರೆ ಈ ಮೂರಂಕದ ಗುರಾಣಿಗೆ ಬೆಸುಗೆಯೇ ಬೇಕಿಲ್ಲ.

ರಾಮನಗರ, ಕನಕಪುರಗಳ ಜಗಲಿಗಳಲ್ಲಿ ನಮ್ಮ ಹಿರಿಯರು ಗೀಚಿದ ಚೌಕಾಬಾರದ ಮಣೆಯಲ್ಲಿ ಇದಕ್ಕಿಂತ ಜಾಣತನವಿದೆ. ಇಪ್ಪತ್ತೈದು ಮನೆಗಳ ಆ ಮಣೆಯ ಹೊರಸುತ್ತಿನ 16ರಲ್ಲಿ 4 ಮನೆಗಳಿಗೆ ಕತ್ತರಿಗೀಟು. ಅಲ್ಲಿರುವ ಕಾಯನ್ನು ಯಾರೂ ಹೊಡೆಯಲಾರರು. ರಕ್ಷಣೆ ಪರಿಪೂರ್ಣ. ಆದರೂ ಆಟ ಕೆಡದು. ಏಕೆಂದರೆ ಆ ರಕ್ಷಣೆ ಮನೆಯದು, ಕಾಯಿಯದಲ್ಲ. ಮಾಗಡಿಯ ಬಳಿಯ ಸಾವನದುರ್ಗವೂ ಹಾಗೆಯೇ: 1791ರಲ್ಲಿ ಕಾರ್ನ್‌ವಾಲಿಸನ ಸೇನೆಗೆ ವಶವಾಗುವವರೆಗೆ ಅಭೇದ್ಯವೆನಿಸಿದ್ದರೂ, ಆ ಕೋಟೆ ತನ್ನೊಳಗಿದ್ದವರನ್ನಲ್ಲದೆ ಹೊರಗೆ ಹೋದವರನ್ನು ಕಾಯಲಿಲ್ಲ. ಮೇಲಾಗಿ, ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬ ನಿಯಮ ಅನೇಕ ಕಡೆ ಉಂಟು. ಅವಿತು ಕುಳಿತವನ ಕಾಯಿ ಹಣ್ಣಾಗದು.

ಆದಕಾರಣ ಸೂತ್ರಧಾರರು ಮೂರನ್ನು ಎರಡಕ್ಕಿಳಿಸುವ ಚೌಕಾಸಿಯನ್ನು ಬಿಡಲಿ. ವೀರನು ಕದಲದೆ ನಿಂತ ಸರದಿಯಲ್ಲಿ ಮಾತ್ರ ಗುರಾಣಿಯ ಮಾಯೆ ಕಾಯಲಿ. ಹೆಜ್ಜೆಯಿಟ್ಟರೆ, ಕತ್ತಿಯೆತ್ತಿದರೆ, ಅದು ಬರಿಯ ಹಲಗೆಯಾಗಲಿ. ಆಗ ಲೆಕ್ಕ ಹಾಕುವ ಹೊರೆ ಗುರಾಣಿ ಹಿಡಿದವನದೇ ಆಗುವುದು. ರಾಕ್ಷಸನ ಬಲವನ್ನು ಹೆಚ್ಚಿಸುವ ಅಗತ್ಯ ಬೀಳದು. ಪಕ್ಕದ ಗೆಳೆಯನಿಗೆ 10 ಪೆಟ್ಟುಗಳು 10 ಆಗಿಯೇ ಉಳಿಯುವುವು.