ಲಾಗ ಆಮೇಲೆ, ಬಲ ಮೊದಲು

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?' ಎಂಬ ಗಾದೆ ಯಾರಿಗೆ ಗೊತ್ತಿಲ್ಲ? ಹಿರಿಯರು ಇದನ್ನು ಹೇಳಿದ್ದು ಮಕ್ಕಳ ನಡೆನುಡಿಯ ಬಗ್ಗೆ. ಆದರೆ ಈಚೆಗೆ ಈ ಮಾತನ್ನು ಮಕ್ಕಳ ಬೆನ್ನುಮೂಳೆಗೂ ಅನ್ವಯಿಸುವವರು ಹೆಚ್ಚಾಗಿದ್ದಾರೆ. ಟಿ.ವಿ.ಯ ನೃತ್ಯ ಸ್ಪರ್ಧೆಗಳಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ, ಬೇಸಿಗೆ ಶಿಬಿರದ ಸಮಾರೋಪದಲ್ಲಿ ಏಳೆಂಟು ವರ್ಷದ ಮಕ್ಕಳು ಹಿಂದಕ್ಕೆ ಬಿಲ್ಲಿನಂತೆ ಬಾಗುವುದನ್ನು, ಗಾಳಿಯಲ್ಲಿ ಲಾಗ ಹಾಕುವುದನ್ನು, ಒಬ್ಬರ ಹೆಗಲ ಮೇಲೊಬ್ಬರು ನಿಂತು ಗೋಪುರ ಕಟ್ಟುವುದನ್ನು ನೀವೂ ನೋಡಿರುತ್ತೀರಿ. 'ನಮ್ಮ ಹುಡುಗಿಯ ಮೈಯಲ್ಲಿ ಮೂಳೆಯೇ ಇಲ್ಲ ನೋಡಿ' ಎಂದು ತಂದೆತಾಯಿ ಹೆಮ್ಮೆ ಪಡುತ್ತಾರೆ. ಹೆಮ್ಮೆ ಸಹಜವೇ. ಆದರೆ ಆ ಮೈಯಲ್ಲಿ ಮೂಳೆಯಿದೆ, ಅದೂ ಇನ್ನೂ ಬೆಳೆಯುತ್ತಿರುವ ಎಳೆಯ ಮೂಳೆ ಎಂಬುದನ್ನು ಮರೆಯುವಂತಿಲ್ಲ.

ಜಿಮ್ನಾಸ್ಟಿಕ್ಸ್ ಕೆಟ್ಟದ್ದೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಸರಿಯಾಗಿ ಕಲಿಸಿದರೆ ಮಕ್ಕಳಿಗೆ ಇದರಷ್ಟು ಒಳ್ಳೆಯ ವ್ಯಾಯಾಮ ಕಡಿಮೆ. ಮೂಳೆ ಗಟ್ಟಿಯಾಗುತ್ತದೆ, ಮೈಯ ಸಮತೋಲ ಸುಧಾರಿಸುತ್ತದೆ, ಅಂಜಿಕೆ ದೂರವಾಗುತ್ತದೆ. ನನ್ನ ತಕರಾರು ಇರುವುದು ಕಲಿಸುವ ಕ್ರಮದ ಬಗ್ಗೆ. ಮೊದಲು ಸುರಕ್ಷಿತವಾಗಿ ಬೀಳುವುದನ್ನು ಕಲಿಸಬೇಕು, ಆಮೇಲೆ ಬಲ ಬೆಳೆಸಬೇಕು, ಅದರ ಜೊತೆಜೊತೆಗೆ ಮೈ ಬಾಗಿಸಬೇಕು, ಕಟ್ಟಕಡೆಗೆ ಲಾಗ. ಇಂದು ಅನೇಕ ಕಡೆ ಇದು ತಲೆಕೆಳಗಾಗಿದೆ. ಕಾರ್ಯಕ್ರಮದ ದಿನಾಂಕ ಮೊದಲೇ ನಿಗದಿಯಾಗಿರುತ್ತದೆ. ಮಗುವಿನ ಮೈಯನ್ನು ಆ ದಿನಾಂಕಕ್ಕೆ ಹೊಂದಿಸುವ ಪ್ರಯತ್ನ ನಡೆಯುತ್ತದೆ.

ಎಳೆಯ ಮೂಳೆ ರಬ್ಬರಲ್ಲ

ಮಕ್ಕಳ ಉದ್ದ ಮೂಳೆಗಳ ತುದಿಯ ಬಳಿ ಮೆದು ಎಲುಬಿನ ತೆಳುವಾದ ಪದರವೊಂದಿರುತ್ತದೆ. ಇದಕ್ಕೆ ಬೆಳವಣಿಗೆಯ ಫಲಕವೆಂದು ಹೆಸರು. ಮೂಳೆ ಉದ್ದವಾಗುವುದು ಇಲ್ಲಿಂದಲೇ. ಬೆಳವಣಿಗೆ ಮುಗಿದ ಮೇಲೆ ಇದು ಗಟ್ಟಿಯಾಗಿ ಮೂಳೆಯಲ್ಲಿ ಬೆರೆತುಹೋಗುತ್ತದೆ. ಅಲ್ಲಿಯವರೆಗೆ ಮೂಳೆಯ ಅತ್ಯಂತ ದುರ್ಬಲ ಜಾಗ ಇದೇ. ದೊಡ್ಡವರಿಗೆ ಕೀಲು ಉಳುಕುವಂಥ ಏಟು ಬಿದ್ದರೆ ಮಕ್ಕಳಲ್ಲಿ ಈ ಫಲಕವೇ ಬಿರುಕು ಬಿಡಬಹುದು. ಕೈಗಳ ಮೇಲೆ ಮತ್ತೆ ಮತ್ತೆ ಭಾರ ಬಿಡುವ ಜಿಮ್ನಾಸ್ಟ್ ಮಕ್ಕಳಲ್ಲಿ ಮಣಿಕಟ್ಟಿನ ನೋವು ಸಾಮಾನ್ಯವಾಗಿರುವುದು ಇದಕ್ಕೇ.

ಬೆನ್ನಿನ ಕಥೆಯೂ ಹೀಗೆಯೇ. ಸೊಂಟವನ್ನು ದಿನವೂ ಹತ್ತಾರು ಸಲ ಹಿಂದಕ್ಕೆ ಬಾಗಿಸಿದರೆ ಕೆಳಬೆನ್ನಿನ ಕಶೇರುವಿನ ಹಿಂಭಾಗದಲ್ಲಿರುವ ಸಣ್ಣ ಮೂಳೆಸೇತುವೆ ಸವೆದು ಸೀಳಬಹುದು. ವೈದ್ಯರು ಇದನ್ನು ಸ್ಪಾಂಡಿಲೋಲೈಸಿಸ್ ಎನ್ನುತ್ತಾರೆ. ಬಿದ್ದು ಏಟಾದಂತೆ ಇದು ಒಂದೇ ದಿನ ಆಗುವುದಿಲ್ಲ. ತಂತಿಯನ್ನು ಒಂದೇ ಕಡೆ ಮಡಿಸುತ್ತಾ ಹೋದರೆ ಕೊನೆಗೊಮ್ಮೆ ತುಂಡಾಗುತ್ತದಲ್ಲ, ಹಾಗೆ.

ಇನ್ನೊಂದು ಸಂಗತಿ. ಹೆಣ್ಣುಮಕ್ಕಳು ಸುಮಾರು 10ರಿಂದ 13, ಗಂಡುಮಕ್ಕಳು ಸುಮಾರು 12ರಿಂದ 15ರ ವಯಸ್ಸಿನಲ್ಲಿ ಸರಸರನೆ ಎತ್ತರವಾಗುತ್ತಾರೆ. ಆಗ ಮೂಳೆ ಬೆಳೆದಷ್ಟು ಬೇಗ ಸ್ನಾಯುಗಳು ಬೆಳೆಯುವುದಿಲ್ಲ. ಹಿಂದಿನ ವರ್ಷ ಸಲೀಸಾಗಿ ಬಾಗುತ್ತಿದ್ದ ಮಗುವಿನ ಮೈ ಇದ್ದಕ್ಕಿದ್ದಂತೆ ಬಿಗಿಯಾಗುತ್ತದೆ. ತಿಳಿದ ತರಬೇತುದಾರರು ಆಗ ಅಭ್ಯಾಸ ಕಡಿಮೆ ಮಾಡುತ್ತಾರೆ. ತಿಳಿಯದವರು 'ಸೋಮಾರಿಯಾಗಿದ್ದಾಳೆ' ಎಂದು ಬೈದು, ಎರಡು ಕಾಲುಗಳನ್ನೂ ಅಗಲಿಸಿ ಕೂರಿಸಿ, ಹೆಗಲು ಅದುಮುತ್ತಾರೆ, ಬೆನ್ನ ಮೇಲೆ ಕೂರುತ್ತಾರೆ. ಮಗು ಅಳುತ್ತಿದ್ದರೂ ಬಿಡುವುದಿಲ್ಲ. ಇದು ತರಬೇತಿಯಲ್ಲ, ಹಿಂಸೆ. ನೋವಿಗೆ ಬೆದರಿದ ಸ್ನಾಯು ಸಡಿಲವಾಗುವ ಬದಲು ಇನ್ನಷ್ಟು ಬಿಗಿದುಕೊಳ್ಳುತ್ತದೆ. ಹಾಗಿರುವಾಗ ಎಳೆದರೆ ಹರಿಯುವುದೇ ಹೆಚ್ಚು.

ಹುಟ್ಟಿನಿಂದಲೇ ಕೀಲುಗಳು ಸಡಿಲವಾಗಿರುವ ಮಕ್ಕಳೂ ಇದ್ದಾರೆ. ಹೆಬ್ಬೆರಳನ್ನು ಹಿಂದಕ್ಕೆ ಮಡಚಿ ಮುಂಗೈಗೆ ತಾಗಿಸಬಲ್ಲ ಇಂಥವರನ್ನೇ 'ಪ್ರತಿಭೆ' ಎಂದು ಆರಿಸಿಕೊಳ್ಳುವುದುಂಟು. ನಿಜಕ್ಕೂ ಹೆಚ್ಚು ಎಚ್ಚರ ಬೇಕಾದದ್ದು ಇವರಿಗೇ. ಬಿಜಾಗರಿ ಸಡಿಲಾದ ಬಾಗಿಲು ಎಲ್ಲಿಯವರೆಗೂ ತೆರೆಯುತ್ತದೆ, ಆದರೆ ಬೇಗ ಕಳಚಿಕೊಳ್ಳುತ್ತದೆ. ಇವರಿಗೆ ಇನ್ನಷ್ಟು ಬಾಗಿಸುವ ಅಭ್ಯಾಸ ಬೇಕಿಲ್ಲ. ಕೀಲನ್ನು ಹಿಡಿದಿಡುವ ಸ್ನಾಯುಬಲ ಬೇಕು.

ಭಾರ ಎತ್ತಿದರೆ ಕುಳ್ಳಾಗುತ್ತಾರೆಯೇ?

ಬಲದ ಮಾತು ಬಂದ ಕೂಡಲೇ ಅನೇಕ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತದೆ. ಇದು ಹಳೆಯ ತಪ್ಪು ನಂಬಿಕೆ. ಬಲ್ಲವರ ಮೇಲ್ವಿಚಾರಣೆಯಲ್ಲಿ, ಮಿತವಾಗಿ ಮಾಡುವ ಬಲವರ್ಧನೆಯ ವ್ಯಾಯಾಮದಿಂದ ಎತ್ತರ ಕುಂಠಿತವಾಗುವುದಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2020ರಲ್ಲಿ ಹೊರಡಿಸಿದ ವರದಿಯೂ ತಿಳಿಸಿದೆ. ಹರೆಯಕ್ಕೆ ಮುಂಚೆ ಮಕ್ಕಳ ಸ್ನಾಯು ಹೆಚ್ಚು ದಪ್ಪವಾಗುವುದಿಲ್ಲ. ಇರುವ ಸ್ನಾಯುತಂತುಗಳನ್ನೇ ಒಟ್ಟಾಗಿ ದುಡಿಸಲು ನರಗಳು ಕಲಿಯುತ್ತವೆ. ಮಗುವಿನ ಬಲ ಹೆಚ್ಚುವುದು ಮುಖ್ಯವಾಗಿ ಹೀಗೆ.

ಇದಕ್ಕೆ ದುಬಾರಿ ಯಂತ್ರಗಳು ಬೇಕಿಲ್ಲ. ನಮ್ಮ ಗರಡಿಮನೆಗಳಲ್ಲಿ ಹುಡುಗರು ಮೊದಲ ದಿನವೇ ಕುಸ್ತಿಯ ಪಟ್ಟುಗಳಿಗೆ ಇಳಿಯುತ್ತಿರಲಿಲ್ಲ. ದಂಡೆ, ಬಸ್ಕಿ ಹೊಡೆದು ಮೈ ಕುದುರಿಸಿಕೊಂಡ ಮೇಲೆ ಮಟ್ಟಿಯ ಮಾತು. ಉತ್ತರ ಕರ್ನಾಟಕದಲ್ಲಿ ಇಂದಿಗೂ ಉಳಿದಿರುವ ಮಲ್ಲಕಂಬದಲ್ಲೂ ಕಂಬವನ್ನು ಹಿಡಿಯುವ, ಹತ್ತುವ ಬಲ ಬಂದ ಮೇಲೆಯೇ ಮುಂದಿನ ಭಂಗಿಗಳು. ಆ ಕ್ರಮದಲ್ಲಿ ವಿವೇಕವಿತ್ತು.

ಮಗುವಿಗೆ ತನ್ನ ಮೈತೂಕವೇ ಸಾಕಷ್ಟು ಭಾರ. ಕಂಬಿಗೆ ಜೋತುಬಿದ್ದು ಇರುವುದು, ಬಸ್ಕಿ, ಗೋಡೆಗೆ ಆನಿಸಿ ದಂಡೆ, ಅಂಗಾತ ಮಲಗಿ ಕೈಕಾಲು ತುಸು ಎತ್ತಿ ಹೊಟ್ಟೆ ಬಿಗಿಹಿಡಿಯುವುದು, ತಗ್ಗಾದ ಮಣೆಯಿಂದ ಹಾರಿ ಮಂಡಿ ಮಡಿಸಿ ಸದ್ದಿಲ್ಲದೆ ಇಳಿಯುವುದು ಇವೇ ಮೊದಲ ಪಾಠ. ಇಳಿಯುವುದಕ್ಕೆ ಇಷ್ಟು ಮಹತ್ವ ಏಕೆ? ದೊಡ್ಡ ಲಾಗ ಹಾಕಿ ಇಳಿಯುವಾಗ ಕಾಲಿನ ಮೇಲೆ ಬೀಳುವ ಬಲ ದೇಹತೂಕದ ಹತ್ತು ಪಟ್ಟು ಮುಟ್ಟಬಹುದು. ಅಷ್ಟನ್ನು ಸ್ನಾಯು ತಡೆದುಕೊಳ್ಳದಿದ್ದರೆ ಮೂಳೆ, ಕೀಲುಗಳೇ ಹೊರಬೇಕು.

ಆತುರವೇಕೆ?

'ಚಿಕ್ಕಂದಿನಲ್ಲೇ ಸಾಧಿಸದಿದ್ದರೆ ಕಾಲ ಮೀರುತ್ತದೆ' ಎಂಬ ಭಯ ತಂದೆತಾಯಿಗಳಿಗಿದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ರುಮೇನಿಯಾದ ನಾದಿಯಾ ಕೊಮನೆಚಿ 14ನೇ ವಯಸ್ಸಿಗೇ ಹತ್ತಕ್ಕೆ ಹತ್ತು ಅಂಕ ಪಡೆದಾಗ ಲೋಕಕ್ಕೆಲ್ಲ ಹಾಗೆಯೇ ಅನ್ನಿಸಿತ್ತು. ಆದರೆ ಕ್ರೀಡಾಲೋಕವೇ ಆಮೇಲೆ ಎಚ್ಚೆತ್ತುಕೊಂಡಿತು. ಅಂತರರಾಷ್ಟ್ರೀಯ ಸ್ಪರ್ಧೆಗೆ ಹೆಣ್ಣುಮಕ್ಕಳ ಕನಿಷ್ಠ ವಯಸ್ಸನ್ನು 1981ರಲ್ಲಿ 15ಕ್ಕೆ, 1997ರಲ್ಲಿ 16ಕ್ಕೆ ಏರಿಸಲಾಯಿತು. ಉಜ್ಬೇಕಿಸ್ತಾನದ ಒಕ್ಸಾನಾ ಚುಸೊವಿಟಿನಾ 2021ರಲ್ಲಿ ಟೋಕಿಯೋದಲ್ಲಿ ಸ್ಪರ್ಧಿಸಿದಾಗ ಆಕೆಗೆ 46. ಅಮೆರಿಕದ ಸಿಮೋನ್ ಬೈಲ್ಸ್ 2024ರಲ್ಲಿ ಪ್ಯಾರಿಸ್‌ನಲ್ಲಿ ಸಮಗ್ರ ಚಿನ್ನ ಗೆದ್ದದ್ದು 27ನೇ ವಯಸ್ಸಿನಲ್ಲಿ.

ನಮ್ಮ ತ್ರಿಪುರಾದ ದೀಪಾ ಕರ್ಮಾಕರ್ ಅವರನ್ನೇ ನೋಡಿ. ಚಪ್ಪಟೆ ಪಾದದ ಈ ಹುಡುಗಿ ಆರನೇ ವಯಸ್ಸಿನಲ್ಲಿ ಅಭ್ಯಾಸ ಆರಂಭಿಸಿದರು. ಅತ್ಯಂತ ಅಪಾಯಕಾರಿಯೆನಿಸಿದ ಪ್ರೊಡುನೋವಾ ವಾಲ್ಟ್ ಮಾಡಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ಗೆದ್ದದ್ದು 2014ರಲ್ಲಿ, 20 ತುಂಬಿದ ಮೇಲೆ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಕೇವಲ 0.150 ಅಂಕದಿಂದ ಪದಕ ತಪ್ಪಿ ನಾಲ್ಕನೆಯವರಾದರು. 2024ರಲ್ಲಿ, 30ನೇ ವಯಸ್ಸಿನಲ್ಲಿ, ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ಗೆದ್ದು ಅದೇ ವರ್ಷ ನಿವೃತ್ತರಾದರು. ನಾವು ಕಂಡದ್ದು ಕೆಲವು ಸೆಕೆಂಡುಗಳ ಹಾರಾಟ. ಅದರ ಹಿಂದೆ ಹದಿನಾಲ್ಕು ವರ್ಷಗಳ ಬುನಾದಿಯಿತ್ತು. ಅದನ್ನು ಆರು ವಾರದ ಶಿಬಿರದಲ್ಲಿ ಪಡೆಯಲಾಗದು.

ಆತುರದ ಬೆಲೆ ಏನೆಂಬುದಕ್ಕೂ ಉದಾಹರಣೆಯಿದೆ. ಸೋವಿಯತ್ ಒಕ್ಕೂಟದ ವಿಶ್ವ ಚಾಂಪಿಯನ್ ಎಲೆನಾ ಮುಖಿನಾ ಅವರ ಮುರಿದ ಕಾಲು ಪೂರ್ತಿ ಬಲಗೊಳ್ಳುವ ಮೊದಲೇ ಮತ್ತೆ ಕಠಿಣ ಅಭ್ಯಾಸ ಮಾಡಿಸಲಾಯಿತು. 1980ರ ಮಾಸ್ಕೋ ಒಲಿಂಪಿಕ್ಸ್‌ಗೆ ಕೆಲವೇ ವಾರಗಳಿರುವಾಗ ಲಾಗವೊಂದು ತಪ್ಪಿ ಕತ್ತಿನ ಮೂಳೆ ಮುರಿಯಿತು. 20 ವರ್ಷದ ಆಕೆ 2006ರಲ್ಲಿ ತೀರಿಕೊಳ್ಳುವವರೆಗೂ ಕೈಕಾಲು ಸ್ವಾಧೀನವಿಲ್ಲದೆ ಬದುಕಬೇಕಾಯಿತು. ವಿಶ್ವ ಚಾಂಪಿಯನ್ ಗತಿಯೇ ಹೀಗಾದರೆ, ಮೊಬೈಲಿನಲ್ಲಿ ನೋಡಿ ಮನೆಯ ತಾರಸಿಯ ಮೇಲೆ ಹಿಂಬದಿ ಲಾಗ ಕಲಿಯುವ ಹುಡುಗನ ಪಾಡೇನು?

ತರಬೇತುದಾರರನ್ನು ಕೇಳಿ

ಮಗುವನ್ನು ಸೇರಿಸುವ ಮೊದಲು ಒಂದು ದಿನ ಹೋಗಿ ಕುಳಿತು ನೋಡಿ. 'ಪೋಷಕರಿಗೆ ಒಳಗೆ ಪ್ರವೇಶವಿಲ್ಲ' ಎಂದರೆ ಅಲ್ಲಿಂದಲೇ ಹಿಂದಿರುಗಿ. ಈ ವಿದ್ಯೆಯಲ್ಲಿ ಆಸರೆ ಕೊಡಲು ಮಗುವಿನ ಮೈ ಮುಟ್ಟಲೇಬೇಕಾಗುತ್ತದೆ. ಆದ್ದರಿಂದಲೇ ಬಾಗಿಲು ತೆರೆದಿರಬೇಕು. ಅಮೆರಿಕದ ರಾಷ್ಟ್ರೀಯ ತಂಡದ ವೈದ್ಯನೊಬ್ಬ ಚಿಕಿತ್ಸೆಯ ನೆಪದಲ್ಲಿ ವರ್ಷಗಟ್ಟಲೆ ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ನಡೆಸಿ, 2018ರಲ್ಲಿ ದೀರ್ಘ ಸೆರೆವಾಸಕ್ಕೆ ಗುರಿಯಾದದ್ದನ್ನು ಮರೆಯಬಾರದು.

ನೆಲಕ್ಕೆ ದಪ್ಪ ಹಾಸುಗಳಿವೆಯೇ? ಅಭ್ಯಾಸಕ್ಕೆ ಮೊದಲು ಮೈ ಬೆಚ್ಚಗಾಗಿಸುತ್ತಾರೆಯೇ? ಬಲದ ವ್ಯಾಯಾಮಕ್ಕೆ ಎಷ್ಟು ಸಮಯ? ಮಗು 'ನೋಯುತ್ತಿದೆ' ಎಂದಾಗ ಏನು ಮಾಡುತ್ತಾರೆ? ಇವನ್ನು ಸಂಕೋಚವಿಲ್ಲದೆ ವಿಚಾರಿಸಿ. ಮಗುವಿನ ವಯಸ್ಸು ಎಷ್ಟೋ ವಾರಕ್ಕೆ ಅಷ್ಟು ಗಂಟೆಗಿಂತ ಹೆಚ್ಚು ತರಬೇತಿ ಬೇಡವೆಂಬುದು ಕ್ರೀಡಾ ವೈದ್ಯರ ಸರಳ ಲೆಕ್ಕ. ಎಂಟು ವರ್ಷದವರಿಗೆ ಎಂಟು ಗಂಟೆ ಸಾಕು. ವಾರದಲ್ಲಿ ಒಂದೆರಡು ದಿನ ಪೂರ್ತಿ ಬಿಡುವಿರಲಿ.

ತೂಕ ಇಳಿದರೆ ಲಾಗ ಸಲೀಸೆಂದು ಊಟ ಕಡಿಮೆ ಮಾಡಿಸುವವರ ಮಾತು ಕೇಳಬೇಡಿ. ಆಹಾರ ಸಾಲದಿದ್ದರೆ ಹೆಣ್ಣುಮಕ್ಕಳು ಮೈನೆರೆಯುವುದು ತಡವಾಗಬಹುದು, ಮುಟ್ಟು ನಿಲ್ಲಬಹುದು, ಮೂಳೆ ಟೊಳ್ಳಾಗಬಹುದು. ರಾಗಿ, ಹಾಲು, ಬೇಳೆ, ಸೊಪ್ಪು, ಒಗ್ಗುವವರಿಗೆ ಮೊಟ್ಟೆ ಇವೆಲ್ಲ ಹೊಟ್ಟೆ ತುಂಬ ಇರಲಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ.

ಈ ನೋವುಗಳನ್ನು ಕಡೆಗಣಿಸಬೇಡಿ

ಹಿಂದಕ್ಕೆ ಬಾಗಿದಾಗ ಹೆಚ್ಚುವ, ಎರಡು ವಾರ ಕಳೆದರೂ ಹೋಗದ ಬೆನ್ನುನೋವು, ಕೈ ಊರಿದಾಗ ಮಣಿಕಟ್ಟಿನಲ್ಲಿ ಬರುವ ನೋವು, ಕುಂಟುವಿಕೆ, ಕೀಲಿನ ಊತ, ರಾತ್ರಿ ನಿದ್ದೆಗೆಡಿಸುವ ನೋವು, ಕೈಕಾಲು ಜೋಮು ಹಿಡಿಯುವುದು. ಇವುಗಳಲ್ಲಿ ಯಾವುದೇ ಕಂಡರೂ ಅಭ್ಯಾಸ ನಿಲ್ಲಿಸಿ ಮೂಳೆ ತಜ್ಞರಿಗೆ ತೋರಿಸಿ. ಎಣ್ಣೆ ಹಚ್ಚಿ ನೀವಿ ಮರುದಿನವೇ ಕಳುಹಿಸಬೇಡಿ. ಮಗು ಕತ್ತಿನ ಮೇಲೆ ಬಿದ್ದರೆ ಎತ್ತಿ ಕೂರಿಸಲು ಹೋಗದೆ, ತಲೆ ಅಲುಗದಂತೆ ಹಿಡಿದು, ಕೂಡಲೇ 108ಕ್ಕೆ ಫೋನ್ ಮಾಡಿ.

ಸರ್ಕಸ್ಸುಗಳಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸುವಂತೆ ಸುಪ್ರೀಂ ಕೋರ್ಟ್ 2011ರಲ್ಲಿ ಕೇಂದ್ರ ಸರ್ಕಾರಕ್ಕೆ ಆದೇಶಿಸಿತು. ಸರ್ಕಸ್ ಡೇರೆಯಲ್ಲಿ ತಪ್ಪೆನಿಸಿದ್ದು ಶಾಲೆಯ ವೇದಿಕೆಯಲ್ಲಿ ಸರಿಯಾಗುವುದು ಹೇಗೆ? ವಾರ್ಷಿಕೋತ್ಸವದಲ್ಲಿ ನಿಮ್ಮ ಮಗುವನ್ನು ಗೋಪುರದ ತುದಿಗೆ ಹತ್ತಿಸುತ್ತಾರೆಂದರೆ, ಅಭ್ಯಾಸ ಎಷ್ಟು ದಿನ, ಕೆಳಗೆ ಹಾಸು ಇದೆಯೇ, ಹಿಡಿಯುವವರು ಯಾರು ಎಂದು ಈಗಲೇ ವಿಚಾರಿಸಿ. ತೃಪ್ತಿಕರ ಉತ್ತರ ಸಿಗದಿದ್ದರೆ ಬೇಡವೆಂದು ಹೇಳಿ. ಮಗುವಿಗೆ ಒಂದು ದಿನ ಬೇಸರವಾದೀತು, ಮೇಷ್ಟ್ರಿಗೂ ಕೋಪ ಬಂದೀತು. ಬರಲಿ ಬಿಡಿ. ಬಲ ಕೂಡಿದ ಮೇಲೆ ಅದೇ ಮಗು ಮುಂದಿನ ವರ್ಷ ಧೈರ್ಯವಾಗಿ ಹತ್ತಬಹುದು.