ದಾಳ ಬಿದ್ದ ಮಾತ್ರಕ್ಕೆ ಮನಸ್ಸು ಬದಲಾಗಬೇಕೆ?

ಕಳೆದ ಬೇಸಗೆ ರಜೆಯಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಒಂದು ಜಗಳವಾಯಿತು. ಮಕ್ಕಳ ಜಗಳ ಪತ್ರಿಕೆಗೆ ಬರೆಯುವಂಥ ವಿಷಯವೇ ಎಂದು ಓದುಗ ಮಹಾಶಯರು ಕೇಳಿಯಾರು. ಬರೆಯದೆ ಬಿಡೋಣವೆಂದರೆ ಅದು ನಮ್ಮ ತಲೆಯಿಂದ ಇಳಿಯುತ್ತಿಲ್ಲ.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಸೋದರಳಿಯ ಊರಿಗೆ ಬರುವಾಗ ಇಪ್ಪತ್ತು ಮುಖಗಳ ದಾಳವೊಂದನ್ನೂ ದಪ್ಪ ಪುಸ್ತಕವೊಂದನ್ನೂ ತಂದಿದ್ದ. ಆಟದ ಹೆಸರು 'ಡಂಜನ್ಸ್ ಅಂಡ್ ಡ್ರಾಗನ್ಸ್'. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿ, 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಬಂದದ್ದು. ಒಬ್ಬನು ಕಥೆ ನಡೆಸುತ್ತಾನೆ. ಉಳಿದವರು ತಲಾ ಒಂದೊಂದು ಪಾತ್ರ ವಹಿಸಿ, ಅದರ ಬಾಯಿಂದ ಮಾತಾಡಿ, ಅದು ಏನು ಮಾಡುವುದೆಂದು ಹೇಳುತ್ತಾರೆ. ಆಗುವುದೋ ಇಲ್ಲವೋ ಎಂಬ ಸಂಶಯ ಬಂದಲ್ಲಿ ದಾಳ ಎಸೆಯುವುದು. ತಾಳಮದ್ದಳೆ ಕೇಳಿ ಬೆಳೆದ ನಮ್ಮ ಕಡೆಯ ಮಕ್ಕಳಿಗೆ ಇದನ್ನು ವಿವರಿಸಲು ಅಳಿಯನಿಗೆ ಅರ್ಧ ಗಂಟೆಯೂ ಬೇಕಾಗಲಿಲ್ಲ.

ಕಥೆಯಲ್ಲಿ ಒಂದು ಕೋಟೆ. ಅದರ ಬೀಗದಕೈ ನಮ್ಮ ಕಿರಿಯ ಮಗನ ಪಾತ್ರದ ಸೊಂಟದಲ್ಲಿತ್ತು. ಸಾಯುತ್ತಿದ್ದ ಸೇನಾಪತಿಗೆ 'ಯಾರಿಗೂ ಕೊಡೆ' ಎಂದು ಮಾತು ಕೊಟ್ಟು ಪಡೆದದ್ದು. ನೆರೆಮನೆಯ ಹುಡುಗನದು ಮಾತಿನಲ್ಲಿ ಬಲು ಜಾಣನಾದ ವರ್ತಕನ ಪಾತ್ರ. "ಇವನನ್ನು ಒಪ್ಪಿಸಿ ಬೀಗದಕೈ ತೆಗೆದುಕೊಳ್ಳುತ್ತೇನೆ" ಎಂದವನೇ ದಾಳ ಎಸೆದ. 19 ಬಿತ್ತು.

"ಕೊಡು."

"ಕೊಡುವುದಿಲ್ಲ."

"19 ಬಿದ್ದಿದೆ. ನೀನು ಒಪ್ಪಿಯಾಯಿತು."

"ನೀನು ಏನೂ ಹೇಳಲೇ ಇಲ್ಲ, ನಾನು ಒಪ್ಪಿದ್ದು ಯಾವುದಕ್ಕೆ?"

ನಮ್ಮವನು ಕಣ್ಣಲ್ಲಿ ನೀರು ತುಂಬಿಕೊಂಡು ಎದ್ದು ಒಳಗೆ ನಡೆದ. "ಮಾವ, ನೀವೇ ತೀರ್ಮಾನ ಹೇಳಿ" ಎಂದು ಅಳಿಯ ನಮ್ಮನ್ನು ಕರೆದ.

ಮಗನ ಪಕ್ಷ ಹಿಡಿಯುವುದು ಸುಲಭವಿತ್ತು. ಆದರೆ ಅಳಿಯ ಹಾಗೆ ಬಿಡುವವನಲ್ಲ. "ಕತ್ತಿ ಬೀಸಿ 19 ಬಿದ್ದರೆ ಗಾಯವಾಯಿತೆಂದು ಎಲ್ಲರೂ ಒಪ್ಪುತ್ತಾರೆ. ನನಗೆ ತಾಗಲೇ ಇಲ್ಲವೆಂದು ಯಾರೂ ಹೇಳುವ ಹಾಗಿಲ್ಲ. ನಾಲಗೆಗೆ ಮಾತ್ರ ಬೇರೆ ನ್ಯಾಯ ಯಾಕೆ ಮಾವ?" ಎಂದ. ಇನ್ನೊಂದನ್ನೂ ಹೇಳಿದ: ಕತ್ತಿ ಹಿಡಿದು ಗೊತ್ತಿಲ್ಲದ ಹುಡುಗ ಆಟದಲ್ಲಿ ಮಹಾವೀರನಾಗಬಹುದಾದರೆ, ನಾಲ್ಕು ಜನರೆದುರು ಬಾಯಿ ಬಿಡಲಾರದ ಹುಡುಗ ವಾಗ್ಮಿಯ ಪಾತ್ರ ವಹಿಸಬಾರದೆ? ಅವನ ಆಸರೆಗೆ ಇರುವುದು ದಾಳವೊಂದೇ ಅಲ್ಲವೆ?

ಇಷ್ಟು ವರ್ಷ ಪಾಠ ಹೇಳಿದ ನಮಗೆ ಈ ಎರಡನೆಯ ಮಾತು ಚುಚ್ಚಿತು. ಉತ್ತರ ಗೊತ್ತಿದ್ದೂ ತಲೆ ತಗ್ಗಿಸಿ ಕೂರುವ ಮಕ್ಕಳು ಯಾವ ತರಗತಿಯಲ್ಲಿಲ್ಲ? ಆದುದರಿಂದ ಮಾತಿಗೆ ದಾಳವೇ ಬೇಡವೆನ್ನುವವರ ಗುಂಪಿಗೆ ನಾವು ಸೇರುವವರಲ್ಲ. ತೊದಲುವ ಹುಡುಗ "ನನ್ನ ಪಾತ್ರ ಸೇನಾಪತಿಯ ಮಗಳ ಕಷ್ಟವನ್ನು ನೆನಪಿಸುತ್ತದೆ" ಎಂದಿಷ್ಟು ಹೇಳಲಿ ಸಾಕು. ಆ ಮಾತು ಎಷ್ಟು ಸೊಗಸಾಗಿ ಹೊರಬಿತ್ತೆಂಬುದನ್ನು ದಾಳ ಹೇಳಲಿ. ಕೇಳಿದವನು ಏನು ಮಾಡಿದನೆಂದು ಹೇಳುವ ಅಧಿಕಾರ ಮಾತ್ರ ದಾಳಕ್ಕೆ ಬೇಡ.

ಕತ್ತಿಯ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಗಾಯಗೊಂಡವನು ಓಡಬೇಕೆ, ಶರಣಾಗಬೇಕೆ, ಬಿದ್ದಲ್ಲಿಂದಲೇ ಹೋರಾಡಬೇಕೆ ಎಂಬ ತೀರ್ಮಾನ ಇನ್ನೂ ಆಡುವವನದೇ. ಮನಸ್ಸನ್ನೇ ದಾಳ ತಿರುಗಿಸಿಬಿಟ್ಟರೆ ಅವನಿಗೆ ಉಳಿಯುವುದೇನು? ಕಥೆ ನಡೆಸುವವನ ಕೈಯಲ್ಲಿ ಕಾವಲುಗಾರ, ಸಾಹುಕಾರ, ರಾಜನೆಂದು ನೂರು ಪಾತ್ರಗಳಿರುತ್ತವೆ. ಒಂದು ಮಣಿದರೆ ಇನ್ನೊಂದಿದೆ. ಆಡುವವನಿಗಿರುವುದು ಒಂದೇ. ಮಂತ್ರ ಹಾಕಿ ವಶಮಾಡಿಕೊಳ್ಳುವ ವಿದ್ಯೆಯೂ ಈ ಆಟದಲ್ಲಿ ಮೊದಲಿನಿಂದಲೇ ಇದೆ, ನಿಜ. ಆದರೆ ಮಂತ್ರಕ್ಕೆ ಸಿಕ್ಕಿದವನನ್ನು 'ವಶವಾದ' ಎನ್ನುತ್ತಾರೆಯೇ ಹೊರತು 'ಒಪ್ಪಿದ' ಎನ್ನುವುದಿಲ್ಲ.

ಈ ವಿಷಯದಲ್ಲಿ ಅಲ್ಲಿಯವರೂ ಒಮ್ಮತಕ್ಕೆ ಬಂದವರಲ್ಲ. 1974ರ ಪುಸ್ತಕದಲ್ಲಿ ಎದುರು ಬಂದವರು ಸ್ನೇಹಿತರೋ ವೈರಿಗಳೋ ಎಂದು ತಿಳಿಯಲು ದಾಳವಿತ್ತು. ಅದು ಕಥೆ ನಡೆಸುವವನ ಪಾತ್ರಗಳಿಗಾಗಿ. 2000ದ ಮೂರನೆಯ ಆವೃತ್ತಿಯಲ್ಲಿ ರಾಜತಾಂತ್ರಿಕ ಮಾತು, ಬುರುಡೆ, ಬೆದರಿಕೆ ಇವಕ್ಕೆಲ್ಲ ಪ್ರತ್ಯೇಕ ಅಂಕಗಳು ಬಂದವು. ಗ್ರೆಗ್ ಸ್ಟಾಫರ್ಡ್ ಅವರು 1985ರಲ್ಲಿ ಹೊರತಂದ 'ಪೆಂಡ್ರಾಗನ್' ಆಟದ ಹಾದಿಯೇ ಬೇರೆ. ಆರ್ಥರ್ ರಾಜನ ವೀರರ ಆ ಆಟದಲ್ಲಿ ಶೌರ್ಯ-ಹೇಡಿತನದಂಥ 13 ಜೋಡಿ ಗುಣಗಳಿಗೆ ಅಂಕವಿದ್ದು, ವೀರನು ಹೇಗೆ ನಡೆದುಕೊಂಡನೆಂಬುದನ್ನು ಎಷ್ಟೋ ಸಲ ದಾಳವೇ ಹೇಳುತ್ತದೆ. ಕೂರುವ ಮೊದಲೇ ಎಲ್ಲರಿಗೂ ತಿಳಿದಿರುವ ಕಟ್ಟಳೆಯಾದ್ದರಿಂದ ಅದಕ್ಕೆ ನಮ್ಮ ತಕರಾರಿಲ್ಲ.

ನಮಗೆ ಮೆಚ್ಚಿಗೆಯಾದದ್ದು ವಿನ್ಸೆಂಟ್ ಬೇಕರ್ ಅವರ 2010ರ 'ಅಪೋಕ್ಯಾಲಿಪ್ಸ್ ವರ್ಲ್ಡ್' ಆಟದ ಉಪಾಯ. ಅಲ್ಲಿ ಒಬ್ಬ ಆಟಗಾರ ಇನ್ನೊಬ್ಬನನ್ನು ಒಲಿಸಲು ಎರಡು ದಾಳ ಎಸೆದು, ತನ್ನ ಗುಣದ ಅಂಕ ಕೂಡಿಸಿ 10 ದಾಟಿದನೆನ್ನಿ. ಎದುರಿನವನು ಒಪ್ಪಿದರೆ ಅವನಿಗೆ ಅನುಭವದ ಅಂಕವೊಂದು ಸಿಗುತ್ತದೆ. ಒಪ್ಪದಿದ್ದರೆ ಆ ನಿರಾಕರಣೆಯೇ ಅವನಿಗೊಂದು ಗಂಡಾಂತರವಾಗಿ, ಅದನ್ನು ನಿಭಾಯಿಸಲು ಅವನೂ ದಾಳ ಎಸೆಯಬೇಕು. ಲಾಭವೂ ಇದೆ, ಬೆಲೆಯೂ ಇದೆ. ಮಾಡುವುದೋ ಬಿಡುವುದೋ ಅವನಿಗೇ ಬಿಟ್ಟದ್ದು.

ನಮ್ಮ ತಾಳಮದ್ದಳೆಯನ್ನೇ ನೋಡಿ. 'ಕರ್ಣಭೇದನ'ದಲ್ಲಿ ಕೃಷ್ಣನಿಗಿಂತ ದೊಡ್ಡ ಮಾತುಗಾರ ಬೇಕೆ? ಜನ್ಮರಹಸ್ಯ ಹೇಳುತ್ತಾನೆ, ರಾಜ್ಯದ ಆಸೆ ತೋರಿಸುತ್ತಾನೆ. ದಾಳದ ಲೆಕ್ಕದಲ್ಲಿ ಇಪ್ಪತ್ತಕ್ಕೆ ಇಪ್ಪತ್ತು. ಕರ್ಣನ ಅರ್ಥಧಾರಿಯ ಕಂಠ ಬಿಗಿಯುತ್ತದೆ, ಕೇಳುವವರ ಕಣ್ಣೂ ಒದ್ದೆಯಾಗುತ್ತದೆ. ಆದರೂ ಕರ್ಣ ಕೌರವನನ್ನು ಬಿಟ್ಟುಹೋಗುವುದಿಲ್ಲ. ಮಾತು ತಾಗಲಿಲ್ಲವೆಂದು ಇದರಿಂದ ಯಾರಾದರೂ ಹೇಳಿಯಾರೆ? ಇನ್ನು 'ವಾಲಿಮೋಕ್ಷ'ದಲ್ಲಿ ವಾಲಿ ರಾಮನಿಗೆ ಕೊನೆಗೆ ಮಣಿಯಲೇಬೇಕು, ಕಥೆಯೇ ಹಾಗಿದೆ. ಆದರೆ ಬಲ್ಲ ಅರ್ಥಧಾರಿ ಸುಮ್ಮನೆ ಮಣಿಯುವುದಿಲ್ಲ. ಎದುರಿನವನ ಮಾತಿನಲ್ಲಿ ತಾನು ಸೋಲಬಹುದಾದ ಒಂದು ಎಡೆಯನ್ನು ಹುಡುಕುತ್ತಾನೆ, ಅದು ಸಿಗುವವರೆಗೆ ವಾದ ಎಳೆಯುತ್ತಾನೆ. ಪದ್ಯ ಮುಗಿಯಿತೆಂದು ಒಮ್ಮೆಲೇ ಕೈಮುಗಿಯುವ ವಾಲಿಯನ್ನು ಕಂಡು ಸಭೆ ಆಕಳಿಸುವುದನ್ನು ನಾವು ನೋಡಿದ್ದೇವೆ.

ಅಂದು ಜಗಲಿಯಲ್ಲಿ ಇಷ್ಟೆಲ್ಲ ಭಾಷಣ ಮಾಡಲಿಲ್ಲ. ವರ್ತಕನು ಒಂದಾದರೂ ಕಾರಣ ಹೇಳಬೇಕು, ದಾಳದ 19 ನಿಲ್ಲಬೇಕು, ಕೊಟ್ಟರೆ ಕೊಟ್ಟವನಿಗೊಂದು ಅಂಕ, ಕೊಡದಿದ್ದರೆ ಕಾರಣ ಹೇಳುವ ಹೊಣೆ ಎಂದಷ್ಟೇ ಹೇಳಿದೆವು. ಅಳಿಯ ಗೊಣಗುತ್ತಲೇ ಒಪ್ಪಿದ. ನೆರೆಮನೆಯ ಹುಡುಗ ಸ್ವಲ್ಪ ಹೊತ್ತು ಯೋಚಿಸಿ, "ಒಳಗೆ ಸೇನಾಪತಿಯ ಹೆಂಡತಿ ಮಕ್ಕಳು ಹಸಿದಿದ್ದಾರೆ. ನನ್ನ ಗಾಡಿಯಲ್ಲಿ ಅಕ್ಕಿ ಇದೆ" ಎಂದ. ನಮ್ಮವನು ಬಾಗಿಲ ಬಳಿಯೇ ನಿಂತು ಕೇಳಿದ. ಬಹಳ ಹೊತ್ತು ಸುಮ್ಮನಿದ್ದ.

"ಬೀಗದಕೈ ಕೊಡುವುದಿಲ್ಲ" ಎಂದ ಕೊನೆಗೆ. "ನಾನೇ ಬಂದು ಬಾಗಿಲು ತೆಗೆಯುತ್ತೇನೆ. ನಡೆ."

ಅಂಕ ಕೊಡಬೇಕೋ ಬೇಡವೋ ಎಂದು ಇನ್ನೂ ಚರ್ಚೆ ಮುಗಿದಿಲ್ಲ. ಓಣಂ ರಜೆಗೆ ಅಳಿಯ ಪುನಃ ಬರುವವನಿದ್ದಾನೆ.